ವಿಭಾಗದ ಹೆಸರು ನೋಡಿ ಅಪಾಯ ಅಳೆಯುವುದು

ಪೀಣ್ಯದ ಗಾರ್ಮೆಂಟ್ಸ್ ಹೆಂಗಸರ ಬೆನ್ನುನೋವಿನ ಬಗ್ಗೆ ಮೆಡಿಕಲ್ ಕಾಲೇಜಿನ ಹುಡುಗನೊಬ್ಬ ಪ್ರಶ್ನೆ ಕೇಳಬೇಕೆಂದರೆ ಮೊದಲು ಸಂಶೋಧನೆಗೆ ಒಳಗಾಗುವವರ ಹಿತ ಕಾಯುವ ಎಥಿಕ್ಸ್ ಕಮಿಟಿಯ ಒಪ್ಪಿಗೆ ತರಬೇಕು. ಅದೇ ಹೆಂಗಸರ ಮುಖದ ವಿಡಿಯೊ ತೆಗೆದು, ಆಯಾಸ ಪತ್ತೆ ಹಚ್ಚುವ ಸಾಫ್ಟ್‌ವೇರ್ ತಯಾರಿಸಲು ಎಂಜಿನಿಯರಿಂಗ್ ಕಾಲೇಜಿನ ಹುಡುಗ ಹೊರಟರೆ, ಬಹಳ ಕಡೆ ಗೈಡ್ ತಲೆಯಾಡಿಸಿದರೆ ಸಾಕು. ಹೆಚ್ಚು ಹಾನಿ ಮಾಡಬಲ್ಲವನು ಎರಡನೆಯವನೇ. ಆ ವಿಡಿಯೊ ಸೂಪರ್‌ವೈಸರ್ ಕೈ ಸೇರಿದರೆ, ಪಾಳಿಯಲ್ಲಿ ಯಾರು ತೂಕಡಿಸಿದರು ಎಂಬುದು ಅವರ ಕೆಲಸಕ್ಕೇ ಕುತ್ತು ತರುತ್ತದೆ.

ಈ ವ್ಯತ್ಯಾಸ ಎಲ್ಲಿಂದ ಬಂತು ಎಂಬುದು ಸ್ಪಷ್ಟ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಬರೆದಿರುವುದು ಜೈವಿಕ ವೈದ್ಯಕೀಯ ಮತ್ತು ಆರೋಗ್ಯ ಸಂಶೋಧನೆಗೆ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಅಂಥ ಸಂಶೋಧನೆ ನೋಡುವ ಸಮಿತಿಗಳು ನೋಂದಣಿ ಮಾಡಿಸಬೇಕು ಎಂದವು. ಆರೋಗ್ಯ ಎಂಬ ಪದ ಪ್ರಸ್ತಾವದಲ್ಲಿ ಇಲ್ಲದಿದ್ದರೆ ಅದು ಈ ಬಲೆಗೆ ಬೀಳುವುದೇ ಇಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆ ಮಾನವ ಸಂಶೋಧನೆಗೆಂದೇ, ಅಂದರೆ ಮನುಷ್ಯರ ಮೇಲೆ ನಡೆಯುವ ಅಧ್ಯಯನಗಳಿಗೆಂದೇ, ನೈತಿಕ ಸಮಿತಿ ಇದೆ, ನಿಮ್ಹಾನ್ಸ್, ಸೇಂಟ್ ಜಾನ್ಸ್‌ಗಳಲ್ಲಂತೂ ಇದ್ದೇ ಇದೆ. ನನಗೆ ಚಿಂತೆ ಇರುವುದು ಎಂಬಿಎ, ಬಿ.ಇ., ಸಮಾಜಶಾಸ್ತ್ರದ ಪ್ರಾಜೆಕ್ಟುಗಳು ರಾಶಿ ರಾಶಿ ಹೊರಬರುವ ಉಳಿದ ಕಾಲೇಜುಗಳ ಬಗ್ಗೆ.

ನಾನಿರುವ ಅಮೆರಿಕದಲ್ಲಿ ಮಾನವ ಸಂಶೋಧನೆಗೆ ಇರುವ ಕಾಮನ್ ರೂಲ್ ಎಂಬ ನಿಯಮ ಕಡ್ಡಾಯವಾಗಿರುವುದು ಕೇಂದ್ರ ಸರ್ಕಾರದ ಹಣದಲ್ಲಿ ನಡೆಯುವ ಸಂಶೋಧನೆಗೆ ಮಾತ್ರ. ಆದರೂ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಎಲ್ಲ ವಿಭಾಗದವರನ್ನೂ ಐಆರ್‌ಬಿ ಎಂಬ ನೈತಿಕ ಸಮಿತಿಯ ಕಚೇರಿಯ ಬಾಗಿಲಿಗೆ ಕರೆಯುತ್ತವೆ. ಅಲ್ಲಿ ಮೊದಲು ಆಗುವ ಕೆಲಸ ಜರಡಿ ಹಿಡಿಯುವುದು. ಇದು ಮಾನವ ಸಂಶೋಧನೆ ಹೌದೇ, ಅಲ್ಲವೇ? ಆಗಿದ್ದರೆ ವಿನಾಯಿತಿಯೋ, ಒಬ್ಬಿಬ್ಬರು ಸದಸ್ಯರ ತ್ವರಿತ ಪರಿಶೀಲನೆಯೋ, ಪೂರ್ಣ ಸಮಿತಿಯೋ? ವಿಭಾಗ ಯಾವುದೆಂದು ಅಲ್ಲಿ ಲೆಕ್ಕವಿಲ್ಲ. ಮಾತಾಡಿದವರ ಗುರುತು ಬಯಲಾದರೆ ಅವರ ಉದ್ಯೋಗಕ್ಕೆ, ಹಣಕಾಸಿಗೆ, ಮರ್ಯಾದೆಗೆ ಪೆಟ್ಟು ಬೀಳುತ್ತದೆಯೇ ಎಂಬುದು ಮುಖ್ಯ. ಬೀಳುವುದಾದರೆ, ಅದನ್ನು ತಡೆಯುವ ಸರಿಯಾದ ಏರ್ಪಾಡು ಇಲ್ಲದೆ ತ್ವರಿತ ದಾರಿಯಲ್ಲಿ ಬಿಡುವಂತಿಲ್ಲ. ಪೀಣ್ಯದ ವಿಡಿಯೊ ಅಲ್ಲಿ ಈ ಪ್ರಶ್ನೆಗೇ ಸಿಕ್ಕಿಕೊಳ್ಳುತ್ತಿತ್ತು. ನಮ್ಮ ಐಸಿಎಂಆರ್ ಕೂಡ ವಿನಾಯಿತಿ, ತ್ವರಿತ, ಪೂರ್ಣ ಎಂಬ ಇವೇ ಮೂರು ದಾರಿ ಹೇಳಿದೆ, ಅಪಾಯವನ್ನು ನಾಲ್ಕು ಮಟ್ಟ ಮಾಡಿ ವಿಂಗಡಿಸಿದೆ. ವಿನಾಯಿತಿ ಉಂಟೋ ಇಲ್ಲವೋ ಎಂದು ಸಂಶೋಧಕನೇ ತೀರ್ಮಾನಿಸಿಕೊಳ್ಳುವ ಹಾಗೂ ಇಲ್ಲ. ಜರಡಿ ಊರಲ್ಲೇ ಇದೆ, ಹಿಡಿಯುವವರಿಲ್ಲ.

ಹಾಗೆಂದು ಅಮೆರಿಕದ್ದೆಲ್ಲ ಮಾದರಿಯಲ್ಲ. ಅಲ್ಲಿ ಸಮಿತಿಗೆ ಕನಿಷ್ಠ 5 ಜನ ಸಾಕು. ಸಂಸ್ಥೆಯ ಹೊರಗಿನವರು ಒಬ್ಬರು, ವಿಜ್ಞಾನೇತರರು ಒಬ್ಬರು ಇರಬೇಕು. ಆ ಎರಡೂ ಒಬ್ಬರೇ ಆಗಿದ್ದರೂ ನಡೆಯುತ್ತದೆ. ಐಸಿಎಂಆರ್ ಪ್ರಕಾರ 7ರಿಂದ 15 ಜನ, ಅರ್ಧದಷ್ಟು ಹೊರಗಿನವರು, ಅಧ್ಯಕ್ಷರು ಕಡ್ಡಾಯವಾಗಿ ಹೊರಗಿನವರು, ಜೊತೆಗೆ ಕಾನೂನು ಬಲ್ಲವರು, ಸಮಾಜ ವಿಜ್ಞಾನಿ, ಸಾಮಾನ್ಯ ನಾಗರಿಕರು. ಕಾಗದದ ಮೇಲೆ ನಮ್ಮದೇ ಮೇಲು. ಆ ಸಾಮಾನ್ಯ ನಾಗರಿಕರ ಕುರ್ಚಿಯಲ್ಲಿ ನಿವೃತ್ತ ಪ್ರಿನ್ಸಿಪಾಲರನ್ನು ಕೂರಿಸಿ, ಸಂಶೋಧನೆಯ ಯೋಜನೆ ವಿವರಿಸುವ ಇಂಗ್ಲಿಷ್ ಪ್ರೊಟೋಕಾಲನ್ನು ಹಿಂದಿನ ದಿನ ರಾತ್ರಿ ಮೇಲ್ ಮಾಡಿದರೆ ಮಾತ್ರ ಆ ಮೇಲ್ಮೆ ಅಲ್ಲಿಗೇ ಮುಗಿಯಿತು. ಅವರಿಗೆ ಕೊಡಬೇಕಾದದ್ದು ಕನ್ನಡದ ಮಾಹಿತಿ ಪತ್ರ, ಅದೂ ವಾರ ಮೊದಲು. ಎರಡು ಪುಟ ಮೀರಿದರೆ, ‘ಯಾವಾಗ ಬೇಕಾದರೂ ಬಿಟ್ಟು ಹೋಗಬಹುದು’ ಎಂಬ ಸಾಲು ಕೊನೆಯ ಪುಟದಲ್ಲಿದ್ದರೆ, ವಾಪಸ್ ಕಳಿಸುವ ಧೈರ್ಯ ಅವರಿಗಿರಬೇಕು. ಅಮೆರಿಕದ 2018ರ ಪರಿಷ್ಕೃತ ನಿಯಮ ಮುಖ್ಯ ಸಂಗತಿಗಳನ್ನು ಸಮ್ಮತಿ ಪತ್ರದ ಆರಂಭದಲ್ಲೇ ಚುಟುಕಾಗಿ ಹೇಳಬೇಕೆಂದು ವಿಧಿಸಿದ್ದು ಇದಕ್ಕೇ.

ಇನ್ನು ಸಹಿಯ ವಿಷಯ. ಬೆಂಗಳೂರಿನ ಕೊಳೆಗೇರಿಗಳಲ್ಲಿ, ಅದರಲ್ಲೂ ತೆರವು ನೋಟಿಸಿನ ಭಯ ಇರುವ ಕಡೆ, ಅಪರಿಚಿತರು ಸಹಿ ಕೇಳಿದರೆ ಜನ ಹಿಂದೆ ಸರಿಯುತ್ತಾರೆ. ಸರಿಯುವುದೇ ಬುದ್ಧಿವಂತಿಕೆ. ಸಹಿ ಮಾಡಿದ ಹಾಳೆಯೊಂದೇ ವ್ಯಕ್ತಿಯ ಗುರುತು ಹೇಳುವ ದಾಖಲೆಯಾಗಿದ್ದು, ಆ ಗುರುತು ಸೋರುವುದೇ ಮುಖ್ಯ ಅಪಾಯವಾಗಿದ್ದರೆ, ಕಾಮನ್ ರೂಲ್ ಸಹಿ ಬೇಡ ಎನ್ನಲು ಅವಕಾಶ ಕೊಡುತ್ತದೆ. ಬಾಯಿಮಾತಿನ ಒಪ್ಪಿಗೆ ಪಡೆದು, ಸಂಶೋಧಕ ಕೋಡ್ ಸಂಖ್ಯೆಯ ಎದುರು ದಿನಾಂಕ ಬರೆದುಕೊಂಡರೆ ಆಯಿತು. ನಮ್ಮಲ್ಲಿ ಸಹಿ ಇಲ್ಲದಿದ್ದರೆ ಫೈಲು ಅಲುಗುವುದಿಲ್ಲ ಎಂಬ ಭಾವನೆ ಬೇರೂರಿದೆ. ಐಸಿಎಂಆರ್ ಕೂಡ ಕೆಲವು ಸಂದರ್ಭಗಳಲ್ಲಿ ವಿನಾಯಿತಿಗೆ ಒಪ್ಪುತ್ತದೆ. ಕಾರಣ ಬರೆದು ಕೇಳಬೇಕು ಅಷ್ಟೆ. ಓದು ಬಾರದವರಿಂದ ಹೆಬ್ಬೆಟ್ಟು ಪಡೆಯುವಾಗ ಪಕ್ಕದಲ್ಲಿ ನಿಷ್ಪಕ್ಷ ಸಾಕ್ಷಿ ಇರಬೇಕು. ಫ್ಯಾಕ್ಟರಿಯ ಎಚ್‌ಆರ್ ನಿಷ್ಪಕ್ಷ ಸಾಕ್ಷಿಯಲ್ಲ. ಅವರು ಕೊಟ್ಟ ಅನುಮತಿ ಗೇಟಿನೊಳಗೆ ಬರಲು. ಕಾರ್ಮಿಕಳ ಸಮ್ಮತಿ ಬೇರೆಯದೇ.

ಆದರೆ ಗುರುತು ಸೋರುವ ದಾರಿಗಳು ಫಾರಂನಲ್ಲಿ ಕಾಣುವುದಿಲ್ಲ, ಸಮಿತಿ ಕೇಳುವುದೂ ಅಪರೂಪ. ಒಂದು ದಿನದ ಕೂಲಿ ತಪ್ಪಿದ್ದಕ್ಕೆ ಹಣ ಕೊಡುವುದು ನ್ಯಾಯವೇ. ಅದನ್ನು ಯುಪಿಐನಲ್ಲಿ ಕಳಿಸಿದರೆ ‘ಅನಾಮಧೇಯ’ ಎಂದು ಬರೆದುಕೊಟ್ಟವರ ಹೆಸರು ಸಂಶೋಧಕನ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಕೂರುತ್ತದೆ. ನಗದು ಕೊಟ್ಟು ಕೋಡ್ ಸಂಖ್ಯೆಯ ಮೇಲೆ ರಶೀದಿ ಇಡಬೇಕು, ಹಾಗೆ ಮಾಡಲು ಅಕೌಂಟ್ಸ್ ವಿಭಾಗವನ್ನು ಮೊದಲೇ ಒಪ್ಪಿಸಬೇಕು. ಸಂದರ್ಶನ ಸ್ವಂತ ಫೋನಿನಲ್ಲಿ ರೆಕಾರ್ಡ್ ಆದರೆ ಆಡಿಯೊ ತಾನೇ ತಾನಾಗಿ ಕ್ಲೌಡ್ ಬ್ಯಾಕಪ್‌ಗೆ ಹೋಗಬಹುದು. ಮನೆಯ ಫೋನು ಗಂಡನದಾಗಿದ್ದರೆ, ಗೃಹಹಿಂಸೆಯ ಬಗ್ಗೆ ಮಾತಾಡಿದ ಹೆಂಗಸಿಗೆ ಮರುದಿನ ‘ಇನ್ನೊಂದು ಪ್ರಶ್ನೆ ಇತ್ತು ಅಕ್ಕ’ ಎಂದು ವಾಟ್ಸ್‌ಆ್ಯಪ್ ಮಾಡುವುದು ಅವಳನ್ನು ಹಿಡಿದುಕೊಟ್ಟ ಹಾಗೆ. ಮೇಷ್ಟ್ರು ತಮ್ಮದೇ ತರಗತಿಗೆ ಗೂಗಲ್ ಫಾರಂ ಕಳಿಸುವುದು ಇನ್ನೊಂದು ಬಗೆ. ಇಂಟರ್ನಲ್ಸ್ ಅಂಕ ಹಾಕುವ ಕೈಯಿಂದಲೇ ಬಂದ ಫಾರಂಗೆ ‘ಇಷ್ಟವಿಲ್ಲ’ ಎನ್ನುವ ವಿದ್ಯಾರ್ಥಿ ಯಾರು? ಬೇರೆ ತರಗತಿಯ ಮೇಷ್ಟ್ರಿಂದ ಕಳಿಸಬೇಕು, ಇಮೇಲ್ ಸಂಗ್ರಹಿಸುವ ಆಯ್ಕೆಯನ್ನು ಆಫ್ ಮಾಡಿರಬೇಕು, ಉತ್ತರಗಳನ್ನು ಫಲಿತಾಂಶ ಬಂದ ಮೇಲಷ್ಟೇ ತೆರೆಯಬೇಕು.

ಇಷ್ಟು ಕೇಳಲು ದೊಡ್ಡ ಸಮಿತಿ ಬೇಡ. ಮೂರು ವಿಭಾಗದ ಮೂವರು ಅಧ್ಯಾಪಕರು, ಒಂದು ಪುಟದ ಪ್ರಶ್ನಾವಳಿ, ಹದಿನೈದು ದಿನದ ಗಡುವು ಸಾಕು. ತಮ್ಮ ವಿದ್ಯಾರ್ಥಿಯ ಪ್ರಸ್ತಾವ ಬಂದಾಗ ಗೈಡ್ ಎದ್ದು ಹೊರಗೆ ಹೋಗಬೇಕು. ಅಪಾಯ ಕಂಡದ್ದನ್ನು ಪೂರ್ಣ ಸಮಿತಿ ಇರುವ ಹತ್ತಿರದ ಸಂಸ್ಥೆಗೆ ಒಪ್ಪಂದದ ಮೇಲೆ ಕಳಿಸಿದರೆ ಆಯಿತು.

ಈ ಪ್ರಶ್ನಾವಳಿ ಪ್ರಾಜೆಕ್ಟಿನ ಆರಂಭದ ರೂಪುರೇಷೆಯಾದ ಸಿನಾಪ್ಸಿಸ್ ಜೊತೆಗೇ ಹೋಗಬೇಕು. ಡೇಟಾ ಎಲ್ಲ ಕೂಡಿಸಿ, ಜರ್ನಲ್‌ನವರು ಅನುಮೋದನೆಯ ಸಂಖ್ಯೆ ಕೇಳಿದಾಗ ಹಿಂದಿನ ತಾರೀಖು ಹಾಕಿಸಿಕೊಳ್ಳಲು ಓಡಿ ಬರುವ ವಿದ್ಯಾರ್ಥಿಗೆ ಯಾವ ನೆಟ್ಟಗಿನ ಸಮಿತಿಯೂ ಸಹಾಯ ಮಾಡಲಾರದು. ಮುಗಿದ ಕೆಲಸಕ್ಕೆ ಅನುಮೋದನೆ ಕೊಡುವ ಅಧಿಕಾರ ಭಾರತದಲ್ಲೂ ಇಲ್ಲ, ಅಮೆರಿಕದಲ್ಲೂ ಇಲ್ಲ.