ಡಿಗ್ರಿ ಬಂದಿಲ್ಲ

ರಕ್ತ ಪರೀಕ್ಷೆಗೆ ಮೂರು ದಿನ ಇದೆ ಅನ್ನುವಾಗ ನಾನು ಸನ್ಯಾಸಿಯಾಗಿಬಿಡುತ್ತೇನೆ. ಕಾಫಿಗೆ ಸಕ್ಕರೆ ಬೇಡ, ನಾಲ್ಕು ಗಂಟೆಯ ನಿಪ್ಪಟ್ಟು ಬೇಡ, ಎರಡನೇ ಮುದ್ದೆ ಬೇಡ. ಈ ಸಲವೂ ಹಾಗೇ ಮಾಡಿದೆ. ಖಾಲಿ ಹೊಟ್ಟೆಯ ಸಕ್ಕರೆ 104 ಬಂತು. ಚೀಟಿ ಹಿಡಿದು ಡಾಕ್ಟರ ಮುಂದೆ ಕೂತಾಗ ಎಸ್ಸೆಸ್ಸೆಲ್ಸಿ ಪಾಸಾದ ಹುಡುಗನ ಠೀವಿ ನನ್ನದು. ಅವರ ಬೆರಳು ಮಾತ್ರ ಕೆಳಗಿನ ಸಾಲಿಗೆ ಹೋಗಿ ನಿಂತಿತು. ಎಚ್‌ಬಿಎ1ಸಿ, 7.8.

"ಮೇಲಿಂದು ಇವತ್ತಿನ ಲೆಕ್ಕ ಸಾರ್. ಇದು ಮೂರು ತಿಂಗಳದ್ದು."

ಕೆಂಪು ರಕ್ತಕಣಕ್ಕೆ ಸುಮಾರು 120 ದಿನ ಆಯಸ್ಸು. ರಕ್ತದಲ್ಲಿ ಓಡಾಡುವ ಸಕ್ಕರೆ ಅದರ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡರೆ ಕಣ ಸಾಯುವ ತನಕ ಬಿಡುವುದಿಲ್ಲ. ಹೀಗೆ ಸಕ್ಕರೆ ಅಂಟಿದ ಹಿಮೋಗ್ಲೋಬಿನ್ನು ನೂರಕ್ಕೆ ಎಷ್ಟು ಅನ್ನುವುದೇ ಎಚ್‌ಬಿಎ1ಸಿ. ಅದು 6.5 ಮುಟ್ಟಿದರೆ ಸಕ್ಕರೆ ಕಾಯಿಲೆ ಅನ್ನುತ್ತಾರೆ. ನಾನು ಆ ಗಡಿ ದಾಟಿ ಎರಡು ವರ್ಷವಾಯಿತು. ಗೃಹಪ್ರವೇಶವೊಂದರಲ್ಲಿ ಯಾರೂ ನೋಡಲಿಲ್ಲ ಅಂದುಕೊಂಡು ಬಾಯಿಗಿಟ್ಟ ಎರಡನೇ ಜಿಲೇಬಿಯನ್ನು ಈ ಕಣಗಳು ನೋಡಿದ್ದವು.

ನಮ್ಮೂರ ಡೈರಿ ನೆನಪಾಯಿತು. ನೀರು ಬೆರೆಸಿ ತಂದವರು ಮುಖ ಎಷ್ಟೇ ಗಟ್ಟಿ ಮಾಡಿಕೊಂಡು ಸಾಲಿನಲ್ಲಿ ನಿಲ್ಲಲಿ, ಹಾಲಿನ ಗಟ್ಟಿತನ ಅಳೆಯುವ ಲ್ಯಾಕ್ಟೋಮೀಟರು ಅದರಲ್ಲಿ ಸೊಯ್ಯನೆ ಇಳಿದುಬಿಡುತ್ತಿತ್ತು. "ಡಿಗ್ರಿ ಬಂದಿಲ್ಲ" ಎಂದು ಸೆಕ್ರೆಟರಿ ಕ್ಯಾನನ್ನು ಪಕ್ಕಕ್ಕೆ ಸರಿಸುತ್ತಿದ್ದರು. ಆಗ ಕೆಲವರು ಹಸುವನ್ನು ದೂರುತ್ತಿದ್ದರು. ನಾನು ರಾಗಿಯನ್ನು ಮುಂದೆ ತಳ್ಳಿದೆ.

"ನಾವು ಕೋಲಾರದೋರು ಸಾರ್, ಅನ್ನ ಕಡಿಮೆ. ಮುದ್ದೇನೇ."

"ಎಷ್ಟು?"

"ಎರಡು. ನಮ್ಮಪ್ಪನೂ ಎರಡೇ ತಿಂತಿದ್ದಿದ್ದು."

"ಅಪ್ಪ ಏನ್ ಕೆಲಸ ಮಾಡ್ತಿದ್ರು?"

ಉತ್ತರ ಹೇಳಲಿಲ್ಲ. ಬೆಳಗಿನ ಜಾವ ನೇಗಿಲು, ಬಿಸಿಲೇರಿದ ಮೇಲೆ ಮಡಿ ಕಟ್ಟುವುದು, ಸಂಜೆ ತಲೆ ಮೇಲೆ ಹುಲ್ಲಿನ ಹೊರೆ. ನಾನು ಬೀದಿ ತುದಿಯ ಹಾಲಿನ ಬೂತಿಗೂ ಸ್ಕೂಟರಿನಲ್ಲಿ ಹೋಗುವವನು. ಆಸ್ತಿಯಲ್ಲಿ ಅಪ್ಪನಿಂದ ನನಗೆ ನಿಜವಾಗಿ ಬಂದದ್ದು ಆ ಎರಡು ಮುದ್ದೆಯ ಹಸಿವು ಮಾತ್ರ. ರಾಗಿಯಲ್ಲಿ ಸುಣ್ಣದಂಶ ಇದೆ, ನಾರಿದೆ, ಎಲ್ಲ ಸರಿ. ಆದರೂ ಅದರಲ್ಲಿ ಮೂರರಲ್ಲಿ ಎರಡು ಪಾಲು ಪಿಷ್ಟವೇ. ಅದನ್ನು ನಾವು ಅಗಿಯುವುದೂ ಇಲ್ಲ. ತುತ್ತು ಮುರಿದು, ಬಸ್ಸಾರಿನಲ್ಲಿ ಹೊರಳಿಸಿ, ಗುಳುಂ. ನಾಲಿಗೆಗೆ ಸುದ್ದಿ ಮುಟ್ಟುವುದರೊಳಗೆ ಹೊಟ್ಟೆ ಸೇರಿರುತ್ತದೆ. ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಎಂದು ಗಾದೆ. ತಿಂದು, ಬೆಟ್ಟವನ್ನು ಅದರ ಪಾಡಿಗೆ ಬಿಟ್ಟು, ಟೀವಿ ಮುಂದೆ ಒರಗಿದವನ ಕಥೆ ಏನಾಯಿತೆಂದು ಗಾದೆ ಕಟ್ಟಿದವರು ಹೇಳಿಲ್ಲ.

ಬೆಟ್ಟವೇನೋ ನಮ್ಮ ಮಹಡಿಯಿಂದಲೇ ಕಾಣುತ್ತದೆ. ವಾರಕ್ಕೆ 150 ನಿಮಿಷ ಬಿರುಸಾಗಿ ನಡೀರಿ ಎಂದು ಡಾಕ್ಟರು ಹೇಳಿದ್ದರಿಂದ ಈಗ ದಿನಾ ಸಂಜೆ ಆ ಅಂತರಗಂಗೆ ಬೆಟ್ಟಕ್ಕೆ ಹೋಗುತ್ತೇನೆ. ಮೆಟ್ಟಿಲು ಹತ್ತಿ, ಕಲ್ಲಿನ ಬಸವನ ಬಾಯಿಂದ ಬೀಳುವ ನೀರಲ್ಲಿ ಮುಖ ತೊಳೆದು, ಕೋತಿಗಳಿಂದ ಕನ್ನಡಕ ಕಾಪಾಡಿಕೊಂಡು ಇಳಿಯುತ್ತೇನೆ. ಮೊದಲ ದಿನ ಬೆವರು ಸುರಿಸುತ್ತ ಮನೆಗೆ ಬಂದಾಗ ಹೆಂಡತಿ ಹಿಟ್ಟಿನ ಕೋಲು ತೊಳೆಯುತ್ತಿದ್ದಳು.

"ರೀ, ಬೆಟ್ಟದ ಬುಡದವರೆಗೂ ನಡ್ಕೊಂಡೇ ಹೋದ್ರಾ?"

"ಇಲ್ಲ, ಸ್ಕೂಟರು."

ಅವಳು ಏನೂ ಅನ್ನಲಿಲ್ಲ. ತಟ್ಟೆಗೆ ಬಿದ್ದ ಮುದ್ದೆ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದಿತ್ತು.