ಮನೆಗೆ ಹೋಗಿ ಸ್ವಾಮಿ, 600 ಕೋಟಿ ತಗೊಳ್ಳಿ

ನಮ್ಮನ್ನು ಕೆಲಸದಿಂದ ತೆಗೆದರೆ ಏನು ಸಿಗುತ್ತೆ? ಹೆಚ್ಚೆಂದರೆ ಒಂದೆರಡು ತಿಂಗಳ ಸಂಬಳ. ಐಡಿ ಕಾರ್ಡ್ ಕಿತ್ತುಕೊಂಡು, ಗೇಟಿನ ತನಕ ಸೆಕ್ಯುರಿಟಿಯವನನ್ನು ಜೊತೆಗೆ ಕಳಿಸುತ್ತಾರೆ. ಜಿಂಬೊ ಫಿಶರ್ ಅವರನ್ನು ತೆಗೆದಾಗ ಕೊಡಲು ಒಪ್ಪಿದ್ದು ಸುಮಾರು 7.6 ಕೋಟಿ ಡಾಲರ್. ನಮ್ಮ ದುಡ್ಡಲ್ಲಿ 600 ಕೋಟಿಗೂ ಜಾಸ್ತಿ.

ಸಾಹೇಬರು ಕಾಲೇಜು ಹುಡುಗರಿಗೆ ಫುಟ್‌ಬಾಲ್ ಹೇಳಿಕೊಡುವ ಮೇಷ್ಟ್ರು. ಅಮೆರಿಕದ ಫುಟ್‌ಬಾಲ್, ಅಂದ್ರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಫುಟ್‌ಬಾಲ್. 2013ರ ಸೀಸನ್‌ನಲ್ಲಿ ಫ್ಲಾರಿಡಾ ಸ್ಟೇಟ್ ತಂಡಕ್ಕೆ ರಾಷ್ಟ್ರೀಯ ಚಾಂಪಿಯನ್ ಪಟ್ಟ ಕೊಡಿಸಿದ್ದರು. ಅಷ್ಟು ಸಾಕಾಯಿತು. 2017ರ ಡಿಸೆಂಬರ್‌ನಲ್ಲಿ ಟೆಕ್ಸಸ್ ಎ ಆಂಡ್ ಎಂ ವಿಶ್ವವಿದ್ಯಾಲಯ ಕರೆದು, 10 ವರ್ಷಕ್ಕೆ 7.5 ಕೋಟಿ ಡಾಲರ್ ಅಂತ ಬರೆದುಕೊಟ್ಟಿತು. ಗೆದ್ದರೂ ಅಷ್ಟು, ಸೋತರೂ ಅಷ್ಟು. ಇದು ಕೃಷಿ ಕಾಲೇಜಾಗಿ ಹುಟ್ಟಿದ ಸಂಸ್ಥೆ ಬೇರೆ. ಬೆಳೆ ಬರದಿದ್ದರೂ ಪೂರ್ತಿ ದುಡ್ಡು ಸಿಗುವ ಇಂಥ ವಿಮೆಯನ್ನು ಮೊದಲು ರೈತರಿಗೆ ಮಾಡಿಸಿಕೊಡಬಾರದಿತ್ತಾ? ಆ ಕಾಲಕ್ಕೆ ಮೈಮೂಳೆ ಮುರಿಸಿಕೊಂಡು ಆಡುವ ಹುಡುಗ ಮಾತ್ರ ತನ್ನ ಸಹಿ ಮಾರಿ ಹತ್ತು ಡಾಲರ್ ಮಾಡಿಕೊಳ್ಳುವ ಹಾಗಿರಲಿಲ್ಲ. ವಿದ್ಯಾರ್ಥಿ ಅಲ್ವಾ, ಕೆಟ್ಟುಹೋಗುತ್ತಾನೆ! ಆ ನಿಯಮ ಸಡಿಲವಾಗಿದ್ದು 2021ರಲ್ಲಿ.

ನನಗೆ ತುಂಬಾ ಇಷ್ಟವಾದದ್ದು ಆ ಫಲಕ. ಕೋಚ್ ಬಂದ ಹೊಸದರಲ್ಲೇ ಚಾನ್ಸಲರ್ ಜಾನ್ ಶಾರ್ಪ್ ಅವರು ಫಿಶರ್ ಕೈಗೆ ಒಂದು ಚಾಂಪಿಯನ್‌ಶಿಪ್ ಫಲಕ ಕೊಟ್ಟರು. ಗೆದ್ದ ವರ್ಷದ ಜಾಗದಲ್ಲಿ 20 ಅಂತ ಬರೆದು ಮುಂದಿನ ಎರಡು ಅಂಕಿ ಖಾಲಿ ಬಿಟ್ಟಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ಕೇಳಿದ್ದೇವೆ, ಇವರು ತೊಟ್ಟಿಲಿನ ಮೇಲೆ ಹೆಸರೂ ಕೆತ್ತಿಸಿದ್ದರು. ಈ ತಂಡ ಕೊನೆಯ ಸಲ ರಾಷ್ಟ್ರೀಯ ಚಾಂಪಿಯನ್ ಆಗಿದ್ದು 1939ರಲ್ಲಿ.

2020ರಲ್ಲಿ ಹತ್ತು ಪಂದ್ಯಕ್ಕೆ ಒಂಬತ್ತು ಗೆದ್ದರು ನಿಜ. ಅಷ್ಟಕ್ಕೇ ಹಿಗ್ಗಿ, 2021ರಲ್ಲಿ ಇನ್ನೂ ಆರು ವರ್ಷ ಬಾಕಿಯಿದ್ದ ಕರಾರನ್ನು 2031ರವರೆಗೆ ಎಳೆದು, ಸಂಬಳವನ್ನೂ ಏರಿಸಿದರು. ಮರುವರ್ಷ ಅಪಲಾಚಿಯನ್ ಸ್ಟೇಟ್ ಅನ್ನುವ ಸಣ್ಣ ತಂಡವನ್ನು 15 ಲಕ್ಷ ಡಾಲರ್ ಕೊಟ್ಟು ತಮ್ಮ ಮೈದಾನಕ್ಕೇ ಕರೆಸಿದರು. ಸುಲಭದ ಗೆಲುವಿಗೆ ದೊಡ್ಡ ತಂಡಗಳು ಹೀಗೆ ಮಾಡುವುದುಂಟು. ಬಂದವರು 17-14ರಲ್ಲಿ ಗೆದ್ದು, ದುಡ್ಡೂ ತಗೊಂಡು ಹೋದರು. ಕೂಲಿ ಕೊಟ್ಟು ಒದೆ ತಿನ್ನುವುದು ಅಂದ್ರೆ ಇದೇ. ಆ ಸೀಸನ್‌ನಲ್ಲಿ ಗೆದ್ದದ್ದು ಐದು, ಸೋತದ್ದು ಏಳು.

ಕಡೆಗೆ 2023ರ ನವೆಂಬರ್ 12ರಂದು ಮನೆಗೆ ಕಳಿಸಿದರು. ಹಿಂದಿನ ದಿನವಷ್ಟೇ 51-10ರಲ್ಲಿ ಗೆದ್ದಿದ್ದರು ಪಾಪ. ತೆರಿಗೆ ದುಡ್ಡಲ್ಲ, ಕ್ರೀಡಾ ವಿಭಾಗ ಮತ್ತು ದಾನಿಗಳ ದುಡ್ಡು ಅಂತ ಸಮಜಾಯಿಷಿ ಬಂತು. ದಾನ ಅಂದ್ರೆ ಹೀಗಿರಬೇಕು ನೋಡಿ. ಬೇರೆ ಕಡೆ ಕೆಲಸ ಸಿಕ್ಕರೂ ಒಂದು ಪೈಸೆ ಕಡಿತ ಇಲ್ಲ. ಮೊದಲು ಒಂದು ದೊಡ್ಡ ಗಂಟು, ಆಮೇಲೆ ವರ್ಷ ವರ್ಷ ಕಂತು.

ಆ ಫಲಕ ಎಲ್ಲಾದರೂ ಉಳಿದಿದ್ದರೆ ಖಾಲಿ ಜಾಗದಲ್ಲಿ 31 ಅಂತ ಕೆತ್ತಿಸಿಬಿಡಲಿ. ಕೊನೆಯ ಕಂತು ಆ ವರ್ಷವೇ.