ಬಾನೆಟ್ಟಿನ ಕೆಳಗಿನ ಸಿಂಗಾರ

ಕಾರಿನ ಹೊರಮೈಗೆ ಮಾಡಿಸುವ ಸಿಂಗಾರಕ್ಕೆ ನೋಡುವವರ ಕೊರತೆಯಿಲ್ಲ. ಅಲಾಯ್ ವೀಲ್ ಹಾಕಿಸಿದರೆ ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ನಿಂತ ಆಟೋದವನೂ ಒಮ್ಮೆ ಬಗ್ಗಿ ನೋಡುತ್ತಾನೆ. ಹಿಂದಿನ ಗಾಜಿನ ಮೇಲೆ ಮನೆದೇವರ ಹೆಸರು ಬರೆಸಿದರೆ ಹಿಂದೆ ಬರುವವರು ಓದದೆ ವಿಧಿಯಿಲ್ಲ. ಆದರೆ ಬಾನೆಟ್ಟಿನ ಕೆಳಗೆ, ಕತ್ತಲಲ್ಲಿ, ಕಾದ ಆಯಿಲಿನ ವಾಸನೆಯ ನಡುವೆ ಇರುವ ಸ್ಪಾರ್ಕ್ ಪ್ಲಗ್ಗುಗಳ ಮೇಲೊಂದು ಮುಚ್ಚಳ, ಆ ಮುಚ್ಚಳವನ್ನು ಕಾರ್ಬನ್ ಫೈಬರಿನಲ್ಲೇ ಮಾಡಿಸಿ, ಅದರ ಮೇಲೆ ಹೆಸರು ಕೊರೆಸಿ, ಬಣ್ಣದ ಬೋಲ್ಟು ಹಾಕಿ ಬಿಗಿಯುವವರಿದ್ದಾರಲ್ಲ, ಅವರ ಬಗ್ಗೆ ನನಗೆ ಬಹಳ ದಿನದಿಂದ ಕುತೂಹಲ.

ಪ್ಲಗ್ಗು ಎಂಥ ನಾಚಿಕೆಯ ಪ್ರಾಣಿ ನೋಡಿ. ಬ್ಯಾಟರಿಯ 12 ವೋಲ್ಟನ್ನು ಕಾಯಿಲು ಎಂಬ ತಂತಿಸುರುಳಿ ಹತ್ತಾರು ಸಾವಿರ ವೋಲ್ಟಿಗೆ ಏರಿಸಿ ಕಳಿಸುತ್ತದೆ. ಸುಮಾರು ಒಂದು ಮಿಲಿಮೀಟರಿನ ಸಂದಿಯಲ್ಲಿ ಅದು ಪೆಟ್ರೋಲು ಹೊತ್ತಿಸುವ ಕಿಡಿಯಾಗಿ ಹಾರುತ್ತದೆ. ಇಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಒಂದೊಂದು ಪ್ಲಗ್ಗೂ ಸೆಕೆಂಡಿಗೆ 25 ಸಲ ಕಿಡಿ ಹಾರಿಸಬೇಕು. ಇಷ್ಟೆಲ್ಲ ಗೇಯ್ದರೂ ಅದರ ಮುಖ ಕಂಡವರು ಮೆಕ್ಯಾನಿಕ್ ಮಾತ್ರ. 1902ರಲ್ಲಿ ಜರ್ಮನಿಯ ಬಾಷ್ ಕಂಪನಿಯ ಇಂಜಿನಿಯರ್ ಗಾಟ್ಲೋಬ್ ಹೊನೊಲ್ಡ್ ಕಿಡಿಗೆ ಬೇಕಾದ ಕರೆಂಟನ್ನು ತಾನೇ ಹುಟ್ಟಿಸುವ ಹೈ ವೋಲ್ಟೇಜ್ ಮ್ಯಾಗ್ನೆಟೋ ಜೊತೆಗೆ ಪ್ಲಗ್ಗನ್ನು ಒಂದು ಹದಕ್ಕೆ ತಂದ. ಅದೇ ಬಾಷ್ ನಮ್ಮ ಬೆಂಗಳೂರಿನ ಆಡುಗೋಡಿಗೆ ಮೈಕೋ ಎಂಬ ಹೆಸರಲ್ಲಿ ಬಂತು. 1951ರಲ್ಲಿ ಹುಟ್ಟಿದ ಕಂಪನಿ. 2008ರಲ್ಲಿ ಬಾಷ್ ಎಂದೇ ಹೆಸರು ಬದಲಾಯಿಸಿಕೊಂಡಿತು, ಆದರೆ ಮೈಕೋ ಲೇಔಟಿನವರು ವಿಳಾಸ ಬದಲಾಯಿಸಲಿಲ್ಲ. ಹಿಂದಿನ ಕಾಲದ ಸ್ಕೂಟರ್ ಸವಾರರ ಡಿಕ್ಕಿಯಲ್ಲಿ ಮೈಕೋ ಪ್ಲಗ್ಗೊಂದು ಸ್ಪೇರ್ ಇದ್ದೇ ಇರುತ್ತಿತ್ತು, ಅದನ್ನು ಉಜ್ಜಲು ಒಂದು ಚೂರು ಮರಳುಕಾಗದದ ಸಮೇತ.

ಆ ಕಾಲದಲ್ಲೂ ಪ್ಲಗ್ಗಿಗೆ ಕವರ್ ಹಾಕುತ್ತಿದ್ದರು, ಚೆಂದಕ್ಕಲ್ಲ. ಮಳೆಗಾಲದಲ್ಲಿ ನೀರು ನಿಂತ ರಸ್ತೆಗೆ ಪದ್ಮಿನಿ ಕಾರು ಇಳಿದರೆ ಫ್ಯಾನು ನೀರನ್ನೆತ್ತಿ, ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರ್ ಮೇಲೆ, ಪ್ಲಗ್ ವೈರಿನ ಮೇಲೆ ಎರಚುತ್ತಿತ್ತು. ಕರೆಂಟು ಪ್ಲಗ್ಗಿಗೆ ಹೋಗುವ ಬದಲು ಇನ್ನೆಲ್ಲೋ ಹೋಗಿ ಕಾರು ನಡುನೀರಲ್ಲಿ ಕೆಮ್ಮಿ ನಿಲ್ಲುತ್ತಿತ್ತು. ಡ್ರೈವರು ಪ್ಯಾಂಟು ಮಡಚಿ ಇಳಿದು, ಒಣ ಬಟ್ಟೆಯಲ್ಲಿ ಒಂದೊಂದೇ ವೈರು ಒರೆಸಿ, ಊದಿ, ಮತ್ತೆ ಸಿಕ್ಕಿಸುತ್ತಿದ್ದ. ಅನುಭವಸ್ಥರು ಪ್ಲಾಸ್ಟಿಕ್ ಚೀಲವನ್ನೋ ಸೈಕಲ್ ಟ್ಯೂಬಿನ ತುಂಡನ್ನೋ ಮೊದಲೇ ಸುತ್ತಿರುತ್ತಿದ್ದರು. ನಾನು ನೋಡಿದ ಮೊದಲ ಕಸ್ಟಮ್ ಪ್ಲಗ್ ಕವರು ಅದೇ. ಅದರ ಮೇಲೆ ಬಟ್ಟೆ ಅಂಗಡಿಯ ಹೆಸರಿತ್ತು.

ಸಿಂಗಾರದ ಕವರಿನ ಹುಚ್ಚು ಜಪಾನಿನ ಕಾರುಗಳಿಂದ ಜೋರಾಯಿತು ಅನ್ನಬೇಕು. 1989ರಲ್ಲಿ ಬಂದ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ಕಾರಿನ 2.6 ಲೀಟರಿನ ಆರ್‌ಬಿ26 ಇಂಜಿನ್ನನ್ನೇ ತೆಗೆದುಕೊಳ್ಳಿ. ಆರು ಸಿಲಿಂಡರು ಒಂದೇ ಸಾಲಿನಲ್ಲಿ. ಮೇಲೆ ಎರಡು ಉದ್ದನೆಯ ಕ್ಯಾಮ್ ಕವರು, ಅಂದರೆ ವಾಲ್ವು ತೆರೆಯುವ ದಂಡಗಳ ಮುಚ್ಚಳ. ಅವೆರಡರ ನಡುವಿನ ಕಣಿವೆಯಲ್ಲಿ ಆರು ಪ್ಲಗ್ಗು, ಆರು ಕಾಯಿಲು. ಆ ಕಣಿವೆಯನ್ನು ಮುಚ್ಚುವ ಉದ್ದನೆಯ ಪಟ್ಟಿಯೇ ಈ ಕಥೆಯ ನಾಯಕ. ಕಂಪನಿ ಕೊಟ್ಟ ಪಟ್ಟಿ ಕಿತ್ತು ಕಾರ್ಬನ್ನಿನದು ಕೂರಿಸುವವರು, ಅಲ್ಯೂಮಿನಿಯಂ ಗಟ್ಟಿಯಲ್ಲಿ ಕೊರೆಸಿ ಅನೋಡೈಸ್ ಮಾಡಿಸಿ ಬಣ್ಣ ಏರಿಸುವವರು, ಪಾರದರ್ಶಕವಾದದ್ದೇ ಬೇಕು ಅನ್ನುವವರು, ಹೀಗೆ ಒಳಜಾತಿಗಳು ಹಲವು. ಕಂಪನಿಗೂ ಈ ಚಪಲ ಇರಲಿಲ್ಲವೆಂದಲ್ಲ. 2002ರ ಕೊನೆಯ ಜಿಟಿ-ಆರ್‌ಗಳಲ್ಲಿ ನ್ಯೂರ್ ಎಂಬ ವಿಶೇಷ ಮಾದರಿಗೆ ಕ್ಯಾಮ್ ಕವರನ್ನು ಚಿನ್ನದ ಬಣ್ಣದಲ್ಲೇ ಕೊಟ್ಟರು. ಇನ್ನೂ ಹಿಂದಕ್ಕೆ ಹೋದರೆ 1956ರಲ್ಲಿ ಫೆರಾರಿ ತನ್ನ ರೇಸ್ ಕಾರಿನ ಕ್ಯಾಮ್ ಕವರಿಗೆ ಕೆಂಪು ಬಳಿದು, ಕಾರಿಗೇ ಕೆಂಪು ತಲೆ ಎಂದು ಇಟಾಲಿಯನ್ನಿನಲ್ಲಿ ಹೆಸರಿಟ್ಟಿತು. ಟೆಸ್ಟಾ ರೋಸಾ ಅಂದರೆ ಅಷ್ಟೇ.

ತಮಾಷೆಯೆಂದರೆ ಇದೇ ಕವರನ್ನು ಕಿತ್ತೆಸೆಯುವ ಇನ್ನೊಂದು ಪಂಗಡವೂ ಇದೆ. ಕವರಿನಡಿ ಬಿಸಿ ಕಟ್ಟಿಕೊಂಡು ಕಾಯಿಲು ಬೇಗ ಸಾಯುತ್ತದೆ ಎನ್ನುವುದು ಅವರ ವಾದ. ಓಟವೇ ಮುಖ್ಯ ಎನ್ನುವವರು ಬಿಚ್ಚಿಡುತ್ತಾರೆ, ನೋಟವೂ ಬೇಕು ಎನ್ನುವವರು ಗಾಳಿಗೆಂದು ಅದರಲ್ಲಿ ಜಾಲರಿ ಕೊರೆಸುತ್ತಾರೆ. ಬಿಸಿಯ ವಿಷಯ ಸುಳ್ಳಲ್ಲ. 3ಡಿ ಪ್ರಿಂಟರಿನಲ್ಲಿ ಅಗ್ಗಕ್ಕೆ ಮಾಡುವ ಪಿಎಲ್‌ಎ ಪ್ಲಾಸ್ಟಿಕ್ಕು 60 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ರೇಡಿಯೇಟರಿನ ನೀರೇ 90 ಡಿಗ್ರಿ ಇರುವ ಜಾಗದಲ್ಲಿ ಅಂಥ ಕವರು ಹಾಕಿದರೆ ಒಂದು ಘಟ್ಟ ಹತ್ತುವಷ್ಟರಲ್ಲಿ ಹಪ್ಪಳದ ಹಾಗೆ ಸೊಟ್ಟಗಾಗಿರುತ್ತದೆ.

ನನ್ನ ಅಕ್ಕನ ಮಗನೊಬ್ಬ ಈ ಪಂಥಕ್ಕೆ ಸೇರಿದವನು. ಅವನದು ಸೆಕೆಂಡ್ ಹ್ಯಾಂಡ್ ಹೋಂಡಾ ಸಿಟಿ, ಹಳೆಯ 1.5 ವಿಟೆಕ್. ಹೋಂಡಾದವರು ಜಪಾನಿನಲ್ಲಿ 1995ರಲ್ಲಿ ತಂದ ಇಂಟೆಗ್ರಾ ಟೈಪ್ ಆರ್ ಕಾರಿನ ಟ್ಯಾಪೆಟ್ ಕವರು, ಅಂದರೆ ಅದೇ ಕ್ಯಾಮ್ ಕವರು, ಕೆಂಪು, ಆದ್ದರಿಂದ ಇವನದೂ ಕೆಂಪಾಗಲೇಬೇಕು. ಅದೂ ಬರಿಯ ಕೆಂಪಲ್ಲ, ಸುಕ್ಕುಗಟ್ಟಿದ ಕೆಂಪು. ಅಕ್ಕನ ಮನೆಯ ಟೆರೇಸಿನಲ್ಲಿ ನಾನು ಆ ಕೆಲಸವನ್ನು ಕೂತು ನೋಡಿದೆ. ಹಳೆಯ ಪೇಂಟು ಕೆರೆದು, ಆಯಿಲಿನ ಜಿಡ್ಡು ಹೋಗುವವರೆಗೆ ಟೂತ್‌ಬ್ರಷ್ಷಿನಲ್ಲಿ ತಿಕ್ಕಿ, ಒಣಗಿಸಿದ. ಆಮೇಲೆ ಸ್ಪ್ರೇ. ಮೊದಲ ಕೋಟು ಅಡ್ಡಕ್ಕೆ, ಎರಡನೆಯದು ಉದ್ದಕ್ಕೆ, ಮೂರನೆಯದು ಓರೆಗೆ. ಆಮೇಲೆ ಹೇರ್ ಡ್ರೈಯರ್ ಹಿಡಿದ. ಕನ್ನಡಿಯಂತೆ ನುಣ್ಣಗಿದ್ದ ಪೇಂಟಿನ ಒಂದು ಮೂಲೆಯಲ್ಲಿ ಸಣ್ಣಗೆ ನೆರಿಗೆ ಎದ್ದಿತು, ಅದು ಹಬ್ಬುತ್ತ ಹಬ್ಬುತ್ತ ಇಡೀ ಕವರು ಹಲಸಿನ ಸಿಪ್ಪೆಯಂತಾಯಿತು ಎನ್ನುವ ಹೊತ್ತಿಗೆ ಬಿಗಿದುಕೊಂಡು ನವಿರಾಗಿ ನಿಂತಿತು. ಪೂರ್ತಿ ಒಣಗಿದ ಮೇಲೆ ಮರದ ತುಂಡಿಗೆ ಮರಳುಕಾಗದ ಸುತ್ತಿ, ಉಬ್ಬಿದ ಅಕ್ಷರಗಳ ಮೇಲಷ್ಟೇ ಉಜ್ಜಿದ. ಕೆಂಪಿನ ನಡುವೆ ಹೋಂಡಾ ಎಂಬ ಹೆಸರು ಬೆಳ್ಳಿಯಂತೆ ಹೊಳೆಯಿತು. ಚೆನ್ನಾಗಿತ್ತು, ಇಲ್ಲವೆನ್ನಲಾರೆ.

"ಗ್ಯಾಸ್ ಸ್ಟವ್ ಒರೆಸೋ ಅಂದ್ರೆ ಬೆನ್ನು ನೋವು ಅಂತಾನೆ. ಇದಕ್ಕೆ ಮಾತ್ರ ಹಲ್ಲುಜ್ಜಿ, ತಲೆ ಒಣಗಿಸಿ ಎಲ್ಲ ಸೇವೆ ನಡೀತದೆ," ಅಂದಳು ಅಕ್ಕ. ಅವಳಿಗೆ ಹೇರ್ ಡ್ರೈಯರಿನದೇ ಚಿಂತೆ.

"ಇದು ಮೈಲೇಜಿಗೇನಾದ್ರೂ ಒಳ್ಳೇದೇನೋ?" ಅಂತ ನಾನು ಕೇಳಿದೆ.

"ಇಲ್ಲ ಮಾವ."

"ಪಿಕಪ್ಪಿಗೆ?"

"ಇಲ್ಲ ಮಾವ. ಬಾನೆಟ್ ಎತ್ತಿದಾಗ ಖುಷಿ ಆಗತ್ತೆ."

ಎತ್ತುವುದು ಯಾಕೆ ಎಂದು ನಾನು ಮುಂದೆ ಕೇಳಲಿಲ್ಲ. ಅವನು ಯಾರಿಗೆಂದರೆ ಅವರಿಗೆ ಬಾನೆಟ್ ಎತ್ತುವುದಿಲ್ಲ. ಬಂದವನು ವಿಷಯ ಗೊತ್ತಿದ್ದವನೋ ಅಲ್ಲವೋ ಎಂದು ಎರಡು ಮಾತಾಡಿ ಅಳೆದು ಆಮೇಲೆ ಎತ್ತುತ್ತಾನೆ.

ಕಾರು ಕಂಪನಿಗಳ ರೀತಿ ಇದಕ್ಕೆ ತದ್ವಿರುದ್ಧ. ಈಗಿನ ಕಾರಿನ ಬಾನೆಟ್ ಎತ್ತಿದರೆ ಇಂಜಿನ್ನಿನ ಮೇಲೊಂದು ಕಪ್ಪು ಪ್ಲಾಸ್ಟಿಕ್ ಹಲಗೆ. ರಬ್ಬರ್ ಗುಬುಟುಗಳ ಮೇಲೆ ಕೂತಿರುತ್ತದೆ, ಎಳೆದರೆ ಟಪ್ಪೆಂದು ಬರುತ್ತದೆ. ಸದ್ದು ತಗ್ಗಿಸಲು ಎನ್ನುತ್ತಾರೆ, ಸ್ವಲ್ಪ ನಿಜ ಕೂಡ. ಆದರೆ ನೀನು ಇಲ್ಲಿ ಕೈ ಹಾಕಬೇಡ, ವೈಪರಿಗೆ ನೀರು ಹಾಕಿ ಮುಚ್ಚು ಎಂದು ಅದು ಹೇಳುವ ಹಾಗಿರುತ್ತದೆ. ನನಗೆ ಆ ಹಲಗೆ ಕಂಡರಾಗದು. ಆಲ್ಫಾ ರೋಮಿಯೋದವರ ಹಳೆಯ ಬುಸೋ ವಿ6 ಇಂಜಿನ್ನಿನ ಚಿತ್ರ ನೋಡಿ, ಗಾಳಿ ಎಳೆಯುವ ಆರು ಕೊಳವೆಗಳನ್ನು ಫಳಫಳ ಹೊಳೆಸಿ ಎದುರಿಗೇ ಇಟ್ಟಿದ್ದಾರೆ, ಮುಚ್ಚಿಡುವ ಮಾತೇ ಇಲ್ಲ. ಮರ್ಸಿಡಿಸ್ ಎಎಂಜಿಯವರು ಇಂಜಿನ್ ಜೋಡಿಸಿದ ಕೆಲಸಗಾರನ ರುಜುವನ್ನೇ ಫಲಕವಾಗಿ ಹಚ್ಚುತ್ತಾರೆ. ಹಲಗೆ ಹಾಕುವುದಾದರೆ ಹಾಗೆ ಹಾಕಬೇಕು.

ಅತಿಯೂ ಇದೆ. ಅಮೆರಿಕದಲ್ಲಿ ವೈರ್ ಟಕ್ ಎಂಬ ವ್ರತ ಹಿಡಿದವರು ಒಂದು ವೈರೂ ಕಾಣದಂತೆ ಮಡ್‌ಗಾರ್ಡಿನ ಹಿಂದೆ ತೂರಿಸಿ, ಬ್ಯಾಟರಿಯನ್ನು ಡಿಕ್ಕಿಗೆ ಸಾಗಿಸಿ, ತೂತುಗಳನ್ನೆಲ್ಲ ವೆಲ್ಡ್ ಮಾಡಿ ಮುಚ್ಚಿ, ಬಿಳಿ ಗೋಡೆಯ ನಡುವೆ ಇಂಜಿನ್ನೊಂದನ್ನೇ ವಿಗ್ರಹದಂತೆ ನಿಲ್ಲಿಸುತ್ತಾರೆ. ಫ್ಯೂಸ್ ಹೋದರೆ ಎಲ್ಲಿ ಹುಡುಕುತ್ತಾರೋ ಶಿವನೇ ಬಲ್ಲ.

ನಮ್ಮ ಕಡೆಯ ಸಾಧಾರಣ ಕಾರಿನ ಇಂಜಿನ್ ಬೇ ಇದ್ಯಾವುದಕ್ಕೂ ಸೇರದು. ಅಲ್ಲಿ ವೈಪರಿನ ಬುಡದಲ್ಲಿ ಮಳೆಮರದ ಒಣಗಿದ ಎಲೆ, ಇಲಿಗೆ ಹೆದರಿ ಕಟ್ಟಿದ ಹೊಗೆಸೊಪ್ಪಿನ ಗಂಟು, ಎರಡು ನುಸಿಗುಳಿಗೆ, ಕಳೆದ ಆಯುಧಪೂಜೆಯ ಕುಂಕುಮ. ಇದನ್ನೆಲ್ಲ ತೊಳೆಸಿ ಲಕಲಕ ಮಾಡಿದರೆ ಇನ್ನೊಂದು ಕಷ್ಟ. ಕಾರು ಮಾರಲು ಹೋದಾಗ ಬ್ರೋಕರು ಬಾನೆಟ್ ಎತ್ತಿ, ಬಗ್ಗಿ, ಮೂಗು ಅರಳಿಸಿ ಕೇಳುತ್ತಾನೆ: "ಯಾಕ್ ಸಾರ್ ಇಷ್ಟು ಕ್ಲೀನಾಗಿದೆ? ಎಲ್ಲಾದ್ರೂ ಆಯಿಲ್ ಲೀಕ್ ಇತ್ತಾ?"

ಇನ್ನು ಎಲೆಕ್ಟ್ರಿಕ್ ಕಾರು ಬಂತು, ಅದರಲ್ಲಿ ಪ್ಲಗ್ಗೇ ಇಲ್ಲ. ಮೈಕೋದ ಆಡುಗೋಡಿ ಜಾಗದಲ್ಲಿ 2022ರಲ್ಲಿ ತಲೆ ಎತ್ತಿದ ಬಾಷ್ ಕ್ಯಾಂಪಸ್ಸಿಗೆ ಸ್ಪಾರ್ಕ್ ನೆಕ್ಸ್ಟ್ ಎಂದು ಹೆಸರಿಟ್ಟು ಕಿಡಿಯನ್ನು ಅಷ್ಟರಮಟ್ಟಿಗೆ ಉಳಿಸಿಕೊಂಡಿದ್ದಾರೆ. ಮೊನ್ನೆ ಅಕ್ಕ, ಅವಳ ಮಗ, ನಾನು ಮೂವರೂ ಒಂದು ಷೋರೂಮಿಗೆ ಹೋಗಿದ್ದೆವು. ಸೇಲ್ಸ್ ಹುಡುಗ ಎಲೆಕ್ಟ್ರಿಕ್ ಕಾರಿನ ಬಾನೆಟ್ ಎತ್ತಿ ತೋರಿಸಿದ. ಒಳಗೆ ಕಪ್ಪು ತೊಟ್ಟಿಯಂಥ ಖಾಲಿ ಜಾಗ. ಅಕ್ಕನ ಮಗ ಮುಖ ಸಪ್ಪೆ ಮಾಡಿಕೊಂಡ. ಆದರೂ ಒಂದು ನಿಮಿಷ ನೋಡಿ, ಇದಕ್ಕೆ ಒಳಗಡೆ ಲೈಟ್ ಹಾಕಿಸಿ ಲೈನಿಂಗ್ ಕೊಡಿಸಬಹುದು ಎಂದ. ಅಕ್ಕ ಮಾತ್ರ ಮೊದಲ ಸಲ ಕಾರೊಂದರ ಬಾನೆಟ್ಟಿನೊಳಗೆ ಆಸಕ್ತಿಯಿಂದ ಬಗ್ಗಿ ನೋಡಿದಳು. "ಇದು ವಾಸಿ ಕಣೋ," ಅಂದಳು, "ವಾರದ ತರಕಾರಿ ಹಿಡಿಸತ್ತೆ."